ಮೊದಲು ಮುಳುಗುವುದು ಕಾಲು

ಮತ್ತೆ ಮುಳುಗಿದ. ಈ ಸಲವೂ ಕಾಲೇ ಮೊದಲು, ಆಮೇಲೆ ಸೊಂಟ, ಕೊನೆಗೆ, ವಿವರಣೆ ಕೊಡಲು ತೆರೆದ ಬಾಯಿ.

ಈಜಲು ಬರುತ್ತಿತ್ತು. ಕೊಳದ ಈ ತುದಿಯಿಂದ ಆ ತುದಿಗೆ, ಯಾರೋ ಅಟ್ಟಿಸಿಕೊಂಡು ಬಂದಂತೆ ಈಜುತ್ತಿದ್ದ. ಕೈಕಾಲು ನಿಂತರೆ ಮಾತ್ರ ಕಥೆ ಮುಗಿಯಿತು. ಲಿಫ್ಟುಗಳ ತಪಾಸಣೆ ಮಾಡುವ ಇಂಜಿನಿಯರ್ ಅವನು. ನಡುವೆ ನಿಂತದ್ದು ಕೆಳಗೆ ಬೀಳದಂತೆ ನೋಡಿಕೊಳ್ಳುವುದಕ್ಕೇ ಸಂಬಳ.

ಹೆಂಡತಿ ತೇಲುತ್ತಿದ್ದಳು. ಅವಳ ತಾಯಿಯಂತೂ ನೀರಿಗಿಳಿದ ಮೊದಲ ದಿನವೇ ಅಂಗಾತ ಮಲಗಿ ಆಕಳಿಸಿದ್ದರು. ತೆಳ್ಳಗಿನವರಿಗೆ ಕೊಬ್ಬು ಸಾಲದು, ತೇಲಿಸುವ ಗಾಳಿಯೆಲ್ಲ ಎದೆಯಲ್ಲಿ, ಎಳೆಯುವ ಭಾರವೆಲ್ಲ ಕಾಲಿನಲ್ಲಿ ಎಂದು ಅವನು ಮನೆಯಲ್ಲಿ ವಿವರಿಸಿದ್ದ. ಹಾಗಾದರೆ ನಾನು ದಪ್ಪ ಅಂತಲೋ ಎಂದು ಅತ್ತೆ ಕೇಳಿದ್ದರು. ಅಂದಿಗೆ ವಿಜ್ಞಾನ ನಿಂತಿತು.

"ತಲೆ ಎತ್ತಬೇಡಿ ಸಾರ್," ಎಂದ ತರಬೇತುದಾರ. "ಎತ್ತಿದ್ರೆ ಕಾಲು ಕೆಳಗೆ ಹೋಗುತ್ತೆ. ಹಾಸಿಗೆ ಮೇಲೆ ಬಿದ್ಕೊಂಡ ಹಾಗೆ ಮೈ ಬಿಡಿ."

"ಹಾಸಿಗೇಲೂ ಹಾಗೆ ಮಲಗಲ್ಲ ಇವರು," ಎಂದಳು ಹೆಂಡತಿ, ಕಟ್ಟೆಗೆ ಒರಗಿಕೊಂಡು.

ತಲೆ ಎತ್ತದೆ ಇರುವುದು ಹೇಗೆ? ಯಾರು ನೋಡುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಎಂದು ತಿಳಿಯಬೇಡವೇ?

ತೇಲಬಲ್ಲವರಿಗೆ ನಾಳೆಯಿಂದ ಆಳದ ಕೊಳ. ದಿನದಲ್ಲಿ ಗಂಡ ಹೆಂಡತಿ ಒಟ್ಟಿಗಿರುತ್ತಿದ್ದದ್ದು ಈ ಒಂದು ಗಂಟೆ ಮಾತ್ರ. ಇಂದು ತೇಲದಿದ್ದರೆ ಅವನು ಸೊಂಟಮಟ್ಟದ ನೀರಿನಲ್ಲಿ ಚಿಳ್ಳೆಪಿಳ್ಳೆಗಳ ಜೊತೆ.

"ನೀನು ಅಲ್ಲಿಗೆ ಹೋಗ್ತೀಯಾ?"

"ಅಮ್ಮ ಒಬ್ಬರೇ ಆಗ್ತಾರಲ್ಲ."

"ನಾನು?"

"ನಿಮಗೆ ಈಜು ಬರುತ್ತಲ್ಲ."

ಅವನು ನೀರಿನ ಮೇಲೆ ಸುಮ್ಮನೆ ಅಂಗಾತ ಬಿದ್ದುಕೊಂಡ. ಎದೆ ತುಂಬ ಉಸಿರು. ತಲೆ ತಾನಾಗಿ ಹಿಂದಕ್ಕೆ ಬಿತ್ತು. ಕಿವಿಗೆ ನೀರು ನುಗ್ಗಿ ಲೋಕದ ಸದ್ದು ಬಂದ್ ಆಯಿತು. ಕಾಲುಗಳು, ನಂಬುವ ಹಾಗಿರಲಿಲ್ಲ, ಮೇಲೆ ಬಂದವು. ಹೆಬ್ಬೆರಳುಗಳೆರಡೂ ಎದುರುಮನೆಯವರಂತೆ ಇಣುಕಿ ಅವನನ್ನು ನೋಡಿದವು.

ಎಷ್ಟು ಹೊತ್ತೋ. ಕಣ್ಣಂಚಿನಲ್ಲಿ ಕಟ್ಟೆಯ ಮೇಲೆ ಜನ ಸೇರುತ್ತಿದ್ದದ್ದು ಕಂಡಿತು. ತರಬೇತುದಾರ ಓಡಿ ಬರುತ್ತಿದ್ದ. ಅತ್ತೆ ಎರಡೂ ಕೈ ಮೇಲೆತ್ತಿದ್ದರು. ಹೆಂಡತಿಯ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು: ಮೆಚ್ಚಿಯೋ, ಗಾಬರಿಯಾಗಿಯೋ, ಅಥವಾ ಹೊತ್ತಾಯಿತು ಏಳಿ ಎಂದೋ. ಕೇಳಿಸಿಕೊಳ್ಳಬೇಕಾದರೆ ತಲೆ ಎತ್ತಬೇಕು.

ಎತ್ತಲಿಲ್ಲ. ಸದ್ದಿಲ್ಲದ ಆ ಬಾಯಿಯನ್ನೇ ನೋಡುತ್ತ, ಫೋಟೋಗೆ ಕೂತವನಂತೆ ನಗುತ್ತ, ಅವನು ಹೆಬ್ಬೆರಳು ಮುಂದಾಗಿ, ಬಲು ನಿಧಾನವಾಗಿ ಅವಳಿಂದ ದೂರ ತೇಲಿಹೋಗುತ್ತಿದ್ದ.