ಮಡಿನೀರಿನ ತೂಕ

ಜೀಪಿನ ಹಿಂಭಾಗ ಮೊಣಕಾಲೂರಿದ ಎಮ್ಮೆಯ ಹಾಗೆ ಕುಸಿದಿತ್ತು. ಚೆನ್ನಯ ಕುಕ್ಕರಗಾಲಲ್ಲಿ ಕೂತು ಹಿಂಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಕೈ ತೂರಿಸಿದ. ಮೂರು ಬೆರಳಿಗಿಂತ ಹೆಚ್ಚು ಜಾಗವಿರಲಿಲ್ಲ. ಮುಂಭಾಗ ಮಾತ್ರ ಮೂಗೆತ್ತಿಕೊಂಡು ನಿಂತಿತ್ತು.

ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕ್ಯಾರವಾನನ್ನು ಮಧ್ವರಾಜ ರಾಯರು ತಾಯಿಗೆಂದೇ ನೆರೂಳಿನ ಮನೆಗೆ ತರಿಸಿದ್ದರು. ಎಂಬತ್ತನಾಲ್ಕರ ಅನಸೂಯಮ್ಮನಿಗೆ ಒಮ್ಮೆ ಉಡುಪಿಗೆ ಹೋಗಿ ಬರುವ ಆಸೆ. ಆದರೆ ಹೊರಗಿನ ನೀರು ಮುಟ್ಟರು, ಹೊರಗಿನ ಅನ್ನ ಉಣ್ಣರು. ಹಾಗಾಗಿ ಒಳಗೆ ಒಲೆ, ಕಂಚಿನ ಪಾತ್ರೆಗಳು, ರುಬ್ಬುವ ಕಲ್ಲು. ಮುನ್ನೂರು ಲೀಟರಿನ ಟಾಂಕಿಗೆ ಅವರ ಸೊಸೆ ಜಯಲತಾ ಒದ್ದೆ ಸೀರೆಯಲ್ಲೇ ಹಿತ್ತಿಲ ಬಾವಿಯಿಂದ ನೀರು ಹೊತ್ತು ತುಂಬಿದ್ದಳು.

ಇಪ್ಪತ್ತಾರು ವರ್ಷದಿಂದ ರಾಯರ ಡ್ರೈವರಾಗಿದ್ದ ಚೆನ್ನಯನಿಗೆ ನಿನ್ನೆಯೇ ಅನುಮಾನ. ಬೆಳಿಗ್ಗೆ ಬದಲಾಪುರದ ತನ್ನ ಮನೆಯಿಂದ ಬಂದವನೇ ಕ್ಯಾರವಾನನ್ನು ಕಳಂಬೋಲಿಯ ಲಾರಿ ಕಾಟಾಕ್ಕೆ ಒಯ್ದು ತೂಗಿಸಿ ತಂದಿದ್ದ.

"ರಾಯರೇ, ಹದಿನೆಂಟುನೂರ ನಲವತ್ತು ಕಿಲೋ ಬಂತು," ಎಂದು ಚೀಟಿ ಚಾಚಿದ. "ನಮ್ಮ ಜೀಪಿಗೆ ಎಳೀಲಿಕ್ಕೆ ಹೇಳಿದ್ದು ಹದಿನಾರುನೂರು. ಗಾಡಿಯ ಪುಸ್ತಕದಲ್ಲೇ ಉಂಟು."

ರಾಯರು ಚೀಟಿ ಓದದೆ ಮಗ ಮಯೂರನತ್ತ ನೋಡಿದರು.

"ಅಂಕಲ್, ಇಂಜಿನ್ ಮೇ ದಮ್ ಹೈ," ಎಂದ ಅವನು ಫೋನಿನಿಂದ ತಲೆಯೆತ್ತದೆ. "ಕಳಂಬೋಲಿ ತಕ್ ಖೀಂಚಾ ನಾ? ಟೆನ್ಶನ್ ಮತ್ ಲೋ."

"ಎಳೀತದೆ. ಎಳೆಯೂದಿಲ್ಲ ಅಂತ ನಾನು ಹೇಳಿದ್ನಾ? ಚಿಪಳೂಣದ ಘಾಟಿ ಇಳಿಯುವಾಗ ಇದು ಹಿಂದಿಂದ ದೂಡ್ತದೆ. ನನ್ನ ಅಪ್ಪನ ಎತ್ತುಗಳು ಕಾಲು ಮುರ್ಕೊಂಡದ್ದು ಇಳಿಜಾರಿನಲ್ಲಿ, ಏರಿನಲ್ಲಿ ಅಲ್ಲ. ನೀರೊಂದು ಖಾಲಿ ಮಾಡಿದ್ರೆ ಸಾಕು ರಾಯರೇ, ಮಿತಿಯೊಳಗೆ ಬರ್ತದೆ."

"ನೀರು ಬಿಟ್ಟು ಅಮ್ಮ ಹೊರಡುವುದುಂಟಾ ಮಾರಾಯ?" ರಾಯರು ನಕ್ಕರು. "ನಿನಗೆ ಪ್ರಾಯ ಆಯ್ತು. ಘಾಟಿ ಅಂದ್ರೆ ಹೆದ್ರಿಕೆ."

ಅವರೆಲ್ಲ ಕಾಫಿಗೆ ಒಳಗೆ ಹೋದರು. ಕ್ಯಾರವಾನಿನ ಅಡಿಯಲ್ಲಿ ಟಾಂಕಿಯ ನಲ್ಲಿ ಕಾಣುತ್ತಿತ್ತು. ಚೆನ್ನಯ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಬೈದರೆ ಬೈಯಲಿ, ನಾಲ್ಕು ಜನರ ಜೀವದ ಪ್ರಶ್ನೆ. ಬಗ್ಗಿ ನಲ್ಲಿ ತಿರುಗಿಸಿಬಿಟ್ಟ.

ನೀರು ಸಿಮೆಂಟಿನ ಮೇಲೆ ಹರಿದು ಮೋರಿಗೆ ಬಿತ್ತು. ಜೀಪಿನ ಬೆನ್ನು ಅಷ್ಟಷ್ಟೇ ಮೇಲೇಳುವುದನ್ನು ಅವನು ನೋಡುತ್ತ ಕೂತ. ಮಿತಿಯೊಳಗೆ ಬಂದಿರಬೇಕು ಅನ್ನುವಷ್ಟರಲ್ಲಿ ಬಾಗಿಲಿನಿಂದ ಕೂಗು ಕೇಳಿತು.

"ಅಯ್ಯೋ, ಅವನ ಕೈ ತಾಗಿತಾ?" ಅನಸೂಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಅಮ್ಮ, ನಿಮ್ಮ ಜೀವಕ್ಕೇ ಅಂತ..."

"ಮೈಲಿಗೆ ನೀರು ಕುಡಿದು ಉಳಿಯುವ ಜೀವ ಎಂತಕ್ಕೆ? ಜಯಾ, ಹುಣಿಸೆಹುಳಿ ಹಾಕಿ ಟಾಂಕಿ ತೊಳೆ. ಬೇರೆ ತುಂಬು. ಪೂರಾ ತುಂಬು."

ರಾಯರು ಬೈಯಲಿಲ್ಲ. "ಕೀಲಿ ಅಲ್ಲಿಡು. ನಾಳೆಯಿಂದ ಬರುವುದು ಬೇಡ," ಎಂದರು ಅಷ್ಟೆ. ಇಪ್ಪತ್ತಾರು ವರ್ಷ ಕೈಯಿಂದ ಕೈಗೆ ಇಸಿದುಕೊಂಡವರು, ಈಗ ಅವನು ಕೀಲಿಯನ್ನು ಗೇಟಿನ ಗೋಡೆಯ ಮೇಲಿಟ್ಟು ಎರಡು ಹೆಜ್ಜೆ ಸರಿದ ಮೇಲೆ ಎತ್ತಿ ಮಗನಿಗೆ ಕೊಟ್ಟರು.

ಚೆನ್ನಯ ಹೋಗದೆ ಗೇಟಿನ ಬಳಿಯೇ ನಿಂತ. ಜಯಲತಾ ಇಪ್ಪತ್ತು ಕೊಡ ಹೊತ್ತಳು. ಕೊನೆಯ ಕೊಡ ಸುರಿದು ತಿರುಗುವಾಗ, "ನನಗೂ ಹೆದ್ರಿಕೆ ಉಂಟು ಚೆನ್ನಯಣ್ಣ. ಹೇಳಿದ್ರೆ ಕೇಳುವವರು ಯಾರು?" ಎಂದು ಮೆಲ್ಲಗೆ ಅಂದು ಒಳಗೆ ಸರಿದಳು.

ಹೊರಡುವ ಹೊತ್ತಿಗೆ ಬಿಸಿಲೇರಿತ್ತು. ಮಯೂರ್ ಸ್ಟೀರಿಂಗಿನ ಮುಂದೆ ಕೂತಾಗ ಚೆನ್ನಯ ಕಿಟಕಿಯ ಬಳಿ ಓಡಿದ. "ಎರಡನೇ ಗೇರಲ್ಲೇ ಇಳಿಸಿ. ಬ್ರೇಕಿನ ಮೇಲೆ ಕಾಲಿಟ್ಟೇ ಇರ್ಬೇಡಿ." ಮಯೂರ್ ತಲೆಯಾಡಿಸಿ ಗಾಜು ಏರಿಸಿದ. ಒಳಗೆ ಎಸಿ ಹಾಕಿತ್ತು.

ಅಷ್ಟುದ್ದದ ಗಾಡಿ ಒಂದೇ ಏಟಿಗೆ ರಸ್ತೆಗೆ ತಿರುಗಲಿಲ್ಲ. ಅತ್ತಲಿಂದ ರಿಕ್ಷಾಗಳು, ಹಿಂದೆ ಬಸ್ಸು. ಚೆನ್ನಯ ರಸ್ತೆಯ ನಡುವಿಗೆ ಹೋಗಿ ಕೈ ಎತ್ತಿ ಎಲ್ಲವನ್ನೂ ನಿಲ್ಲಿಸಿದ. "ಬರ್ಲಿ... ಬರ್ಲಿ... ಇನ್ನೂ ಬರ್ಲಿ..."

ಕ್ಯಾರವಾನ್ ಅವನನ್ನು ಸವರಿಕೊಂಡೇ ದಾಟಿ, ಸಿಗ್ನಲ್ಲಿನಾಚೆ ಮರೆಯಾಯಿತು. ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ. ಚೆನ್ನಯ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.