ಅರಗು ಗೊತ್ತಿಲ್ಲದ ತಾಹೇರಾ

ಎಂಟನೇ ಕ್ಲಾಸಿನ ವಿಜ್ಞಾನ ವರ್ಷಗಟ್ಟಲೆ ತಾಹೇರಾ ಟೀಚರ್ ಕೈಯಲ್ಲಿತ್ತು. ಚನ್ನಪಟ್ಟಣದ ಆ ಶಾಲೆಗೆ ದೊಡ್ಡ ಟಿ.ವಿ. ಬಂತು, ಅದರ ಹಿಂದೆಯೇ ಮಾಗಡಿಯಿಂದ ಬಸ್ಸು ಹತ್ತಿ ಹೊಸ ಟೀಚರ್ ದಿವ್ಯ ಬಂದಳು. ಶನಿವಾರ ತಪಾಸಣೆಗೆ ಬರುವ ಸಾಹೇಬರ ಮುಂದೆ ದಿವ್ಯಳ ಪಾಠ. ಅದು ಚೆನ್ನಾಗಿ ನಡೆದರೆ ಎಂಟನೇ ಕ್ಲಾಸು ಅವಳಿಗೇ ಎಂದು ಹೆಡ್‌ಮಾಸ್ಟರ್ ಹೇಳಿಬಿಟ್ಟಿದ್ದರು. ತಾಹೇರಾಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಆ ಹುಡುಗಿಯ ನಗು ಕಂಡರೂ ಆಗದು, ಚಪ್ಪಲಿ ಕಂಡರೂ ಆಗದು.

ಗುರುವಾರ ಬಾಗಿಲ ಮರೆಯಲ್ಲಿ ನಿಂತು ದಿವ್ಯಳ ಪಾಠ ಕೇಳಿಸಿಕೊಂಡಳು. ಪರದೆಯ ಮೇಲೆ ದಿವ್ಯ ಭೂಮಿಯನ್ನು ಕಲ್ಲಂಗಡಿಯಂತೆ ಹೋಳು ಮಾಡಿದಳು. ಒಳಗೆ ಕೆಂಪಗೆ ಕುದಿಯುತ್ತಿತ್ತು. ತಾಹೇರಾ ಕೂಡ ಬಾಯಿ ಬಿಟ್ಟುಕೊಂಡು ನೋಡಿದಳು, ಅದಕ್ಕೇ ಇನ್ನಷ್ಟು ಉರಿಯಿತು.

"ಒಳಗೆ ಯಾಕಿಷ್ಟು ಬಿಸಿ?" ಎಂದಳು ದಿವ್ಯ.

"ತಿರುಗ್ತಾ ಐತಲ್ಲ ಮಿಸ್, ಅದ್ಕೆ! ಬೊಂಬೆ ತಿರುಗಿದ್ರೆ ಅರಗು ಕರಗಲ್ವಾ, ಹಂಗೆ!" ಇಡೀ ಕ್ಲಾಸು ಕೂಗಿತು.

ಅದಲ್ಲ ಅಂದರೆ ಬೊಂಬೆ ಮಾಡುವವರ ಮಕ್ಕಳು ಒಪ್ಪಲೇ ಇಲ್ಲ. ಮಧ್ಯಾಹ್ನ ದಿವ್ಯ ತಾಹೇರಾಳ ಹತ್ತಿರವೇ ಬಂದಳು.

"ಮೇಡಂ, ಅದೇನು ಅರಗು? ಶನಿವಾರನೂ ಹಿಂಗೇ ಅಂದ್ರೆ ಏನ್ ಮಾಡ್ಲಿ?"

"ನಂಗೇನ್ ಗೊತ್ತಮ್ಮ? ಮಕ್ಳು ಏನೇನೋ ಹೇಳ್ತಾವೆ" ಅಂದಳು ತಾಹೇರಾ. ಅಂದು, ಊಟದ ಡಬ್ಬಿಯನ್ನು ಖುಷಿಯಾಗಿ ಖಾಲಿ ಮಾಡಿದಳು.

ಸಂಜೆ ಹಿತ್ತಲಿನಿಂದ ಗಂಡ ನಜೀರ್ ಕೂಗಿದ. "ಒಸಿ ಟೀ ತಗೊಂಬಾ, ಯಾರೋ ಟೀಚರಮ್ಮ ಬಂದವ್ರೆ."

ಲೋಟ ಹಿಡಿದು ಹೋದರೆ, ಬೊಂಬೆ ತಿರುಗಿಸುವ ಲೇತ್ ಮುಂದೆ ದಿವ್ಯ! ಅರಗು ಎಲ್ಲಿ ಸಿಗುತ್ತದೆಂದು ಬಜಾರಿನಲ್ಲಿ ಕೇಳಿದ್ದಳು, ಯಾರೋ ಈ ಮನೆ ತೋರಿಸಿದ್ದರು. ತಿರುಗುವ ಬೊಂಬೆಗೆ ನಜೀರ್ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದ, ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತಿತ್ತು, ಅವಳು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು.

"ಉಜ್ಜಿದ್ರೆ ತಾನೇ ಬಿಸಿ! ಭೂಮಿಗೆ ಯಾರು ಕಡ್ಡಿ ಒತ್ತವ್ರೆ ಅಂತ ಮಕ್ಳನ್ನ ಕೇಳ್ತೀನಿ" ಎಂದು ದಿವ್ಯ ಕುಣಿದಾಡಿದಳು.

"ನಮ್ಮನೇವ್ರೂ ನಿಮ್ ಸ್ಕೂಲ್ ಟೀಚರ್ರೇ ಮೇಡಂ. ಅರಗಿನ ವಿಷ್ಯ ಅವರನ್ನೇ ಕೇಳ್ಬೋದಿತ್ತಲ್ಲ" ಎಂದು ನಜೀರ್ ಹೆಮ್ಮೆಯಿಂದ ಬಾಗಿಲ ಕಡೆ ಕೈ ತೋರಿಸಿದ.

ದಿವ್ಯ ತಿರುಗಿ ನೋಡಿದಳು. ತಾಹೇರಾ ಟೀ ಲೋಟ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. ಏನಾದರೂ ಅನ್ನಲಿ, ನಾನೂ ಒಂದು ಕೈ ನೋಡುತ್ತೇನೆ ಎಂದು ಕಾದಳು. ದಿವ್ಯ ಫೋನನ್ನು ಅವಳತ್ತ ತಿರುಗಿಸಿದಳು.

"ಹಂಗಾದ್ರೆ ನೀವೇ ಹೇಳಿ ಮೇಡಂ. ನಿಮ್ಮ ಮಾತಾದ್ರೆ ಮಕ್ಳು ಒಪ್ತಾವೆ."

ಶನಿವಾರ ಈ ವಿಡಿಯೋ ಓಡಿದರೆ ಎಂಟನೇ ಕ್ಲಾಸು ತನ್ನ ಕೈಬಿಟ್ಟ ಹಾಗೆಯೇ. ಆದರೂ ತಾಹೇರಾ ಸೆರಗು ಸರಿಮಾಡಿಕೊಂಡು ಲೇತ್ ಮುಂದೆ ಕೂತಳು. ದಿವ್ಯ ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಆ ಹುಡುಗಿಯ ಒಳ್ಳೆಯತನದ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.