ಪುಸಲಾಯಿಸಿ ಕರೆದೊಯ್ದದ್ದು ಯಾರು, ಯಾರನ್ನು?

ಎಲ್ಲಿಂದ ಶುರು ಮಾಡಲಿ? ಕಾನೂನು ಇಲಾಖೆಯ ಮೂರನೇ ಮಹಡಿಯಿಂದ ಅಂದರೆ ನೀವು ಆಕಳಿಸುತ್ತೀರಿ. ಓಡಿಹೋದ ಹೆಂಗಸಿನಿಂದ ಅಂದರೆ ಕಿವಿ ನಿಮಿರುತ್ತದೆ. (ನನ್ನದೂ ಅಷ್ಟೇ.)

೧
ಓಬೀರಾಯನ ಕಾಲದ ಅಪರಾಧಗಳನ್ನು ಕಾನೂನಿನಿಂದ ಕಿತ್ತುಹಾಕುವುದು ನಮ್ಮ ಕಥಾನಾಯಕಿಯ, ಅಂದರೆ ಕಾನೂನಿನ ಕರಡು ಬರೆಯುವ ಅಧಿಕಾರಿಯ ಕೆಲಸ. ಮಾಟ ಮಾಡುವುದು, ಕೆಲಸವಿಲ್ಲದೆ ಅಲೆಯುವುದು, ಇವನ್ನೆಲ್ಲ ನಗುನಗುತ್ತಲೇ ಹೊಡೆದುಹಾಕಿದಳು. 'ಪರರ ಹೆಂಡತಿಯನ್ನು ಪುಸಲಾಯಿಸಿ ಕರೆದೊಯ್ಯುವುದು' ಎಂಬಲ್ಲಿ ಪೆನ್ನು ನಿಂತಿತು. ಅವಳು ಮಗುವಾಗಿದ್ದಾಗ ಗಡಿಯಾರ ರಿಪೇರಿಯವನೊಬ್ಬ ಇದೇ ಕಲಮಿನಡಿ ಜೈಲಿಗೆ ಹೋಗಿದ್ದ. ಅವನು ಕರೆದೊಯ್ದದ್ದು ಅವಳ ಅಮ್ಮನನ್ನು.

೨
ಆ ಕಲಮಿನ ಮೇಲೂ ಧೈರ್ಯವಾಗಿ ಗೆರೆ ಎಳೆದಳೆಂದು ಮೊದಲು ಬರೆದೆ. ಅವಳು ಒಪ್ಪಲಿಲ್ಲ.

"ನಿಮ್ಮಮ್ಮನ್ನ ಕದ್ಕೊಂಡು ಹೋದ್ರು ಅಂತ ಅಪ್ಪ ಹೇಳ್ತಿದ್ರು. ಕಳ್ಳನ ಮೇಲೆ ಸಿಟ್ಟು ಮಾಡ್ಕೊಂಡೇ ದೊಡ್ಡವಳಾದೆ. ಈಗ ಅದು ಅಪರಾಧಾನೇ ಅಲ್ಲ ಅಂದ್ರೆ, ಅವಳಾಗೇ ಹೋದಳು ಅಂತ ತಾನೇ?"

ಬರೆದದ್ದನ್ನು ಹರಿದುಹಾಕಿದೆ. ವಿಳಾಸ ಗೊತ್ತಿದ್ದೂ ಅವಳೆಂದೂ ಕಾಲಿಡದ ಅಮ್ಮನ ಹೊಲಿಗೆ ಅಂಗಡಿಗೆ ಅವಳನ್ನು ಕಳಿಸಿದೆ.

೩
ಅಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಳು.

"ಅವನೆಲ್ಲಿ ನನ್ನ ಕರ್ಕೊಂಡು ಹೋದ? ಬಸ್ಸು ಹತ್ತೋಕೇ ಹೆದರ್ತಿದ್ದ. ನಾನೇ ಎಳ್ಕೊಂಡು ಹೋಗಿದ್ದು. ಕೋರ್ಟಲ್ಲೂ ಹಾಗೇ ಅಂದೆ. 'ನಿನ್ನ ಯಾರೂ ಕೇಳಲಿಲ್ಲ, ಸುಮ್ನಿರಮ್ಮ' ಅಂದ್ರು ಜಡ್ಜು. ಜೈಲಿಂದ ಬಂದ್ಮೇಲೆ ಕೈ ನಡುಗ್ತಿತ್ತು ಅವನಿಗೆ. ಸಾಯೋವರೆಗೂ ಗಡಿಯಾರ ಮುಟ್ಟಲಿಲ್ಲ."

"ಮತ್ತೆ ನನ್ನನ್ನ ಯಾಕೆ ಬಿಟ್ಟು ಹೋದೆ?"

ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿದಳು.

"ಹೊರಟಿದ್ದು ಮಧ್ಯಾಹ್ನ. ಮಲಗಿದ್ದೆ ನೀನು. ಎತ್ಕೊಂಡೆ. ಅಳೋಕೆ ಶುರು ಮಾಡ್ದೆ. ನಿಮ್ಮಜ್ಜಿ ಎದ್ಬಿಡ್ತಾರೆ ಅಂತ... ವಾಪಸ್ ಮಲಗಿಸ್ಬಿಟ್ಟೆ."

೪
ಮುಕ್ತಾಯ ಒಂದು: ಇಬ್ಬರೂ ತಬ್ಬಿಕೊಂಡು ಅತ್ತರು. ("ಅಷ್ಟು ಸಲೀಸಾಗಿ ಅಳು ಬರಲ್ಲಪ್ಪಾ ನಮಗೆ," ಅಂದಳು ಅಮ್ಮ.)

ಮುಕ್ತಾಯ ಎರಡು: ಮಗಳು ಕಲಮನ್ನು ಹಾಗೇ ಉಳಿಸಿದಳು. ("ಅಂದ್ರೆ ಇನ್ನೊಬ್ಬನ ಕೈ ನಡುಗಲಿ ಅಂತಾನಾ?" ಮಗಳಿಗೆ ನನ್ನ ಮೇಲೇ ಸಿಟ್ಟು.)

ಸರಿ, ಆದದ್ದನ್ನೇ ಹೇಳುತ್ತೇನೆ. ಅವಳು ಆಫೀಸಿಗೆ ಮರಳಿ ಆ ಕಲಮಿನ ಮೇಲೆ ಗೆರೆ ಎಳೆದಳು. ಮನಸ್ಸು ಸ್ವಲ್ಪವೂ ಹಗುರವಾಗಲಿಲ್ಲ. ಅಂಗಡಿಗೆ ಫೋನ್ ಮಾಡಿದಳು.

"ಅಮ್ಮಾ, ಅದು ಅಪರಾಧ ಅಲ್ಲ ಅಂತ ಬರೆದೆ."

"ಯಾವುದು? ಅವನು ಮಾಡಿದ್ದಾ, ನಾನು ಮಾಡಿದ್ದಾ?"

ಮಗಳು ನನ್ನತ್ತ ನೋಡಿದಳು. ನನ್ನನ್ನೇನು ನೋಡುತ್ತೀ ತಾಯಿ, ನಾನು ಬರೀ ಕಥೆ ಬರೆಯುವವನು. ನಾನು ನಿಮ್ಮತ್ತ ನೋಡಿದೆ. ಲೈನ್ ಕಟ್ಟಾಗಿಲ್ಲ; ಆ ಕಡೆ ಅಮ್ಮ "ಹಲೋ? ಹಲೋ?" ಅನ್ನುತ್ತಲೇ ಇದ್ದಾಳೆ.